ವಾರಾನ್ನದಿಂದ ಬಿಸಿಯೂಟಕ್ಕೆ

ನನ್ನ ಗುರುಗಳ ತಲೆಮಾರಿನ ಅನೇಕರು ವಾರಾನ್ನವುಂಡು ಓದಿದವರು. ದಿನಕ್ಕೊಂದು ಮನೆಯ ಊಟ. ಅನ್ನದೊಡನೆ ಹಂಗನ್ನೂ ಉಣ್ಣಬೇಕಾಗಿತ್ತು. ಯಾರು ಯಾವ ಹೊಸ್ತಿಲು ದಾಟಬಹುದೆಂಬುದನ್ನು ಜಾತಿಯೇ ನಿರ್ಧರಿಸುತ್ತಿತ್ತು.

ಸರ್ಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿಯೊಂದು ಮಗುವಿಗೂ ಬೇಯಿಸಿದ ಊಟ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರಿನಲ್ಲಿ ಆದೇಶಿಸಿದ ಮೇಲೆ ವಿದ್ಯಾರ್ಥಿಯ ಅನ್ನ ಹಕ್ಕಾಯಿತು. ಮರುವರ್ಷ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು.

ಬಡ ಮಕ್ಕಳಿಗಷ್ಟೇ ಬಡಿಸಿ ಹಣ ಉಳಿಸಬಾರದೇ ಎನ್ನುವವರುಂಟು. ನಾನೊಪ್ಪಲಾರೆ. ಹಾಗೆ ಮಾಡಿದರೆ, ಪಂಕ್ತಿಯಲ್ಲಿ ಕುಳಿತ ಮಾತ್ರಕ್ಕೆ ಮಗುವಿನ ಬಡತನ ಊರಿಗೆಲ್ಲ ತಿಳಿಯುತ್ತದೆ.

ಪ್ರಾಥಮಿಕ ತರಗತಿಯ ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಇರಬೇಕೆಂಬುದು ನಿಯಮ. ಅಕ್ಕಿಯೊಂದರಿಂದ ಅದು ಪೂರೈಸದು. ಬೇಳೆ, ತರಕಾರಿ ಬೇಕು. ಅವುಗಳ ಬೆಲೆಯೊಡನೆ ಕೇಂದ್ರ, ರಾಜ್ಯಗಳ ಅನುದಾನವೂ ಏರದಿದ್ದರೆ, ಮೊದಲು ತೆಳುವಾಗುವುದು ಸಾರು.