ಕಿವಿ ಮಂದವಾದರೂ ಮಾತು ತಪ್ಪದ ನಟ

ಮಾತಿನ ಚಿತ್ರದ ನಟನಿಗೆ ಒಳ್ಳೆಯ ಕಂಠ ಬೇಕು, ರೂಪ ಬೇಕು ಎಂದು ಜನ ಹೇಳುವುದುಂಟು. ಕಿವಿಯ ವಿಚಾರವನ್ನು ಯಾರೂ ಎತ್ತುವುದಿಲ್ಲ; ಅದು ಇದ್ದೇ ಇರುತ್ತದೆಂಬುದು ಎಲ್ಲರ ನಂಬಿಕೆ. ಆದರೆ ಐನೂರಕ್ಕೂ ಮಿಕ್ಕಿದ ಕನ್ನಡ ಚಿತ್ರಗಳಲ್ಲಿ ನುಡಿದು, ನಕ್ಕು, ಪ್ರೇಕ್ಷಕರಿಂದ ಬೈಸಿಕೊಂಡೂ ಮೆಚ್ಚಿಸಿಕೊಂಡ ಟಿ. ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ.

ಅರಸೀಕೆರೆಯಲ್ಲಿ 1911ರಲ್ಲಿ ಹುಟ್ಟಿದ ಅವರ ಬಾಲ್ಯ ಕಡುಬಡತನದ್ದು. ಹೊಟ್ಟೆಯ ಪಾಡು ನಾಟಕದ ಕಂಪನಿಗಳತ್ತ ಎಳೆಯಿತು. ರಂಗದ ಮೇಲೆ ಎದುರಾಳಿಯ ಮಾತು ಮುಗಿದೊಡನೆ ತನ್ನ ಮಾತು ಹೊರಡಬೇಕು. ಒಂದು ಕ್ಷಣ ತಡವಾದರೆ ಸಭೆ ನಗುತ್ತದೆ, ಮೊದಲೇ ಹೊರಟರೆ ದೃಶ್ಯವೇ ಕೆಡುತ್ತದೆ. ಪರದೆಯ ಮರೆಯಿಂದ ಮಾತು ಎತ್ತಿಕೊಡುವವನಿದ್ದರೂ ಕಿವಿ ಮಂದವಾದ ನಟನಿಗೆ ಅವನಿಂದ ಪ್ರಯೋಜನವೇನು? ಬಾಲಕೃಷ್ಣ ಅವರು ಆಶ್ರಯಿಸಿದ್ದು ಕಣ್ಣನ್ನು. ಎದುರಿನವರ ತುಟಿಗಳ ಚಲನೆಯನ್ನು ಕಂಡೇ ಅವರು ಸಂಭಾಷಣೆಯನ್ನು ಹಿಡಿಯುತ್ತಿದ್ದರು. ತನ್ನ ಮಾತನ್ನಷ್ಟೇ ಬಾಯಿಪಾಠ ಮಾಡಿಕೊಂಡವನಿಗೆ ಇದು ಸಾಧ್ಯವಿಲ್ಲ. ಇತರರ ಮಾತೂ ಮನಸ್ಸಿನಲ್ಲಿರಬೇಕು. 1943ರಲ್ಲಿ ‘ರಾಧಾರಮಣ’ದ ಮೂಲಕ ಚಿತ್ರರಂಗಕ್ಕೆ ಬಂದಾಗಲೂ ಈ ಅಭ್ಯಾಸವೇ ಅವರ ಬಂಡವಾಳವಾಯಿತು.

ಆ ಕಾಲದ ಕನ್ನಡ ಚಿತ್ರಗಳಿಗೆ ಮದರಾಸೇ ತವರು. ಕನ್ನಡಿಗರಾದರೋ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಸೇಡಂ, ಚಿತ್ತಾಪುರ, ಚಿಂಚೋಳಿಗಳು, ಹಾಸುಗಲ್ಲಿಗೆ ಹೆಸರಾದ ಶಹಾಬಾದ, ರೈಲು ಜಂಕ್ಷನ್ನಿನ ವಾಡಿ—ಇವೆಲ್ಲ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಉರ್ದು, ತೆಲುಗು ನಿತ್ಯವೂ ಕಿವಿಗೆ ಬೀಳುವ ಈ ಸೀಮೆಯ ಕನ್ನಡಿಗರು ಅಂದು ಹೊಸ ರಾಜ್ಯಕ್ಕೆ ಬಂದರು. ರಾಜ್ಯವೇನೋ ಒಂದಾಯಿತು, ಕಲಾವಿದರ ಒಲೆ ಉರಿಯುವಷ್ಟು ಚಿತ್ರಗಳು ಮಾತ್ರ ಇನ್ನೂ ತಯಾರಾಗುತ್ತಿರಲಿಲ್ಲ.

ಆಗ ರಾಜಕುಮಾರ್, ಜಿ. ವಿ. ಅಯ್ಯರ್, ನರಸಿಂಹರಾಜು ಅವರೊಡನೆ ಬಾಲಕೃಷ್ಣ ಅವರೂ ಕಲಾವಿದರ ಸಂಘವೊಂದನ್ನು ಕಟ್ಟಿದರು. ಬೆಳ್ಳಿತೆರೆಯ ನಟರು ಮತ್ತೆ ಬಣ್ಣದ ಪೆಟ್ಟಿಗೆ ಹೊತ್ತು ಊರೂರು ಸುತ್ತಿ ನಾಟಕವಾಡಿದರು. ತೆರೆಯ ಮೇಲೆ ಹೆಸರು ಮಾಡಿದವರಿಗೆ ಇದು ಹಿಂದೆ ಸರಿದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಅವರ ಮುಂದಿನ ಹೆಜ್ಜೆ ಹುಟ್ಟಿದ್ದು ಅಲ್ಲಿಂದಲೇ. ಈ ನಾಲ್ವರೂ ಸೇರಿ ನಿರ್ಮಿಸಿದ ‘ರಣಧೀರ ಕಂಠೀರವ’ 1960ರಲ್ಲಿ ತೆರೆಕಂಡಿತು.

ಆಮೇಲೆ ಪಾತ್ರಗಳಿಗೆ ಬರವಿರಲಿಲ್ಲ. ಕುತಂತ್ರಿಯಾಗಿ ಬಂದರೆ ಹೆಂಗಸರು ಶಾಪ ಹಾಕುವಂತೆ, ಹಾಸ್ಯಕ್ಕೆ ನಿಂತರೆ ಅದೇ ಹೆಂಗಸರು ಸೆರಗು ಬಾಯಿಗಿಟ್ಟು ನಗುವಂತೆ ಮಾಡಬಲ್ಲವರಾಗಿದ್ದರು ಅವರು. 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಜೀವನ ಬೆಂಬಲಕ್ಕೆ ನಿಲ್ಲುವ ರಾಚೂಟಪ್ಪನನ್ನು ಮರೆತವರಾರು? ಅಲ್ಲಿ ಅವರ ಕಣ್ಣುಗಳನ್ನು ಗಮನಿಸಿದವರಿಗೆ ಎದುರಿನವರ ಮುಖದಿಂದ ಅವು ಕದಲದಿರುವುದು ಕಾಣುತ್ತದೆ. ಪ್ರೇಕ್ಷಕರು ಅದನ್ನು ಪಾತ್ರದ ತನ್ಮಯತೆಯೆಂದೇ ತಿಳಿದರು. ತಿಳಿದದ್ದು ತಪ್ಪೂ ಅಲ್ಲ.

ಗಳಿಸಿದ್ದನ್ನು ಅವರು ಗಂಟು ಕಟ್ಟಿಡಲಿಲ್ಲ. ಕನ್ನಡ ಚಿತ್ರಗಳು ಕನ್ನಡ ನಾಡಿನಲ್ಲೇ ತಯಾರಾಗಬೇಕೆಂಬ ಹಂಬಲದಿಂದ 1960ರ ದಶಕದಲ್ಲಿ ಬೆಂಗಳೂರಿನ ಕೆಂಗೇರಿಯ ಬಳಿ, ಸರ್ಕಾರ ಕೊಟ್ಟ 20 ಎಕರೆ ನೆಲದಲ್ಲಿ ಅಭಿಮಾನ್ ಸ್ಟುಡಿಯೋ ಸ್ಥಾಪಿಸಿದರು. ನಟನೆಯಿಂದ ಬಂದ ಹಣ ಅಲ್ಲಿಗೆ ಹರಿಯಿತು. ಆದರೂ ಕೊರತೆ ತೀರಲಿಲ್ಲ. ಮುಪ್ಪಿನಲ್ಲಿಯೂ ಬಣ್ಣ ಹಚ್ಚುತ್ತಲೇ ಇದ್ದ ಅವರು 1995ರಲ್ಲಿ ತೀರಿಕೊಂಡರು. 2009ರ ಡಿಸೆಂಬರ್ 30ರಂದು ನಟ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ನಡೆದದ್ದು ಇದೇ ನೆಲದಲ್ಲಿ.