ಮಾಳಢೋಕ ಉಳಿಯಬೇಕಾದರೆ ಮಿಡತೆಯೂ ಬೇಕು, ಕುರಿಯೂ ಬೇಕು

ಸೊಲ್ಲಾಪುರ: ಬಾರ್ಶಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಹೋದರೆ ನಾನ್ನಜದ ಮಡ್ಡಿ. ಕಣ್ಣಿಗೆ ಬರೀ ಒಣಹುಲ್ಲು. ‘ಪಡೀಕ ಜಮೀನು’ ಅಂತ ಜನ ದಾಟಿ ಹೋಗುತ್ತಾರೆ. ಆದರೆ 1979ರಲ್ಲಿ ಮಹಾರಾಷ್ಟ್ರ ಸರ್ಕಾರ ಮಾಳಢೋಕ ಹಕ್ಕಿಯ ಅಭಯಾರಣ್ಯ ಘೋಷಿಸಿದ್ದು ಇಂಥ ಹುಲ್ಲು ನಂಬಿಯೇ. ಕನ್ನಡದಲ್ಲಿ ಇದು ಎರ್ಲಡ್ಡು, ದೊರೆವಾಯನ ಹಕ್ಕಿ. ಗಂಡು 15 ಕಿಲೋವರೆಗೆ ತೂಗುತ್ತದೆ. ಹೆಣ್ಣು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ.

ಮಳೆ ಬಿದ್ದು ಹುಲ್ಲು ಚಿಗುರಿದರೆ ಮಿಡತೆ ಏಳುತ್ತವೆ. ದನ ಮೇಯ್ದು ಹೋದಲ್ಲಿ ಸೆಗಣಿಗೆ ಹುಳ ಬರುತ್ತವೆ. ಮಿಡತೆ, ಹುಳ, ಓತಿಕ್ಯಾತ ಎಲ್ಲ ಮಾಳಢೋಕದ ಊಟ. ಹೊಲಕ್ಕಿಳಿದು ಕೀಡೆ ಹೆಕ್ಕುತ್ತದೆ; ಶೇಂಗಾ ಸಿಕ್ಕರೆ ಅದನ್ನೂ ಬಿಡುವುದಿಲ್ಲ ಅನ್ನಿ. ಅದೇ ಹುಲ್ಲನ್ನು ಚಿಗರಿ ಮೇಯುತ್ತವೆ, ಚಿಗರಿಯನ್ನು ತೋಳ ಹಿಡಿಯುತ್ತದೆ. ಚಿಗರಿ ಸಿಗದಿದ್ದರೆ ತೋಳ ಕುರಿಹಟ್ಟಿಗೆ ಬಾಯಿ ಹಾಕುತ್ತದೆ. ತೋಳಕ್ಕೂ ಒಂದು ಪಾಲು ಅಂತ ಬಿಡುವ ಕುರಿಗಾರರೂ ಇದ್ದಾರೆ. ಅಡ್ಡಾಡುವ ನಾಯಿಗಳ ಕಾಟ ಬೇರೆ: ನೆಲದ ಮೇಲಿನ ಮೊಟ್ಟೆ, ಮರಿ ಅವುಗಳ ಬಾಯಿಗೆ.

ಹಾಗಂತ ಬೇಲಿ ಹಾಕಿ ಕುರಿಯನ್ನು ಹೊರಗಟ್ಟಿದರೆ ಲೆಕ್ಕ ಮುಗಿಯುವುದಿಲ್ಲ. ಮೇಯಿಸುವುದು ಅತಿಯಾದರೆ ಮೊಟ್ಟೆ ಮರೆಮಾಡುವ ಹುಲ್ಲೇ ಇರುವುದಿಲ್ಲ. ಪೂರ್ತಿ ನಿಲ್ಲಿಸಿದರೆ ಹುಲ್ಲು ಎತ್ತರ ಬೆಳೆದು ಹಕ್ಕಿಗೆ ದೂರದ ನೋಟ ತಪ್ಪುತ್ತದೆ. ಹಸಿರು ಮಾಡುವ ಹುಮ್ಮಸ್ಸಿನಲ್ಲಿ ಹುಲ್ಲಿನ ನಡುವೆ ಗ್ಲಿರಿಸಿಡಿಯಾ ನೆಟ್ಟದ್ದೂ ಹೀಗೇ ತಪ್ಪಿತು. ಗಿಡಗಳ ಗುಂಪು ಕಂಡರೆ ಬಯಲ ಹಕ್ಕಿ ಅತ್ತ ಸುಳಿಯುವುದಿಲ್ಲ. ಗಿಡ ನೆಟ್ಟರೆ ಪುಣ್ಯ ಅನ್ನುವವರಿಗೆ ಇದನ್ನು ತಿಳಿಸಿ ಹೇಳುವುದೇ ಕಷ್ಟ.

ಅಭಯಾರಣ್ಯ ಮೊದಲು ಕಾಗದದ ಮೇಲೆ 8,496 ಚ.ಕಿ.ಮೀ. ಇತ್ತು. ಊರು, ಹೊಲ ಎಲ್ಲ ಅದರೊಳಗೆ. ಜಮೀನು ವ್ಯವಹಾರಕ್ಕೆ ತೊಡಕಾಗಿ ರೈತರ ಸಿಟ್ಟೆಲ್ಲ ಹಕ್ಕಿಯ ಮೇಲೆ ತಿರುಗಿತು. ಆಮೇಲೆ ಅದನ್ನು ಸುಮಾರು 1,222 ಚ.ಕಿ.ಮೀ.ಗೆ ಇಳಿಸಲಾಯಿತು. ಅಷ್ಟರಲ್ಲಿ ಜೋಳ, ಶೇಂಗಾ ಇದ್ದ ಎಷ್ಟೋ ಹೊಲಗಳಿಗೆ ಕಬ್ಬು, ದ್ರಾಕ್ಷಿ ಬಂದಿದ್ದವು. ಸೊನಾಕಾ ದ್ರಾಕ್ಷಿ ನಾನ್ನಜದ್ದೇ ತಳಿ, ರೈತರ ಕೈಗೆ ನಾಲ್ಕು ಕಾಸು ತಂದದ್ದು. ಅದನ್ನು ಬಿಡಿ ಅಂತ ಯಾರು ಹೇಳಿಯಾರು? ಆದರೆ ದ್ರಾಕ್ಷಿ ಚಪ್ಪರದ ಕೆಳಗೆ ಮಾಳಢೋಕಕ್ಕೆ ಜಾಗವಿಲ್ಲ. ಔಷಧ ಹೊಡೆದಲ್ಲಿ ಮಿಡತೆಯೂ ಇಲ್ಲ.

ಈಗ ಇಡೀ ದೇಶದ ಕಾಡು-ಬಯಲಲ್ಲಿ ಉಳಿದಿರುವ ಮಾಳಢೋಕ 150ರ ಆಸುಪಾಸು, ಬಹುಪಾಲು ರಾಜಸ್ಥಾನದಲ್ಲಿ. ನಾನ್ನಜದಲ್ಲಿ ಒಂದು ಕಂಡರೂ ಅದು ಸುದ್ದಿ. ಚಿಗರಿ, ತೋಳ ಮಾತ್ರ ಇನ್ನೂ ಇವೆ. ಮಡ್ಡಿಗೆ ಕುರಿಹಿಂಡೂ ಬರುತ್ತದೆ.