ಕಾಣದ ತೋಳ ಇಲ್ಲದ ತೋಳವೇ?

ಜತ್ತ ತಾಲೂಕಿನ ಕುರುಚಲು ಬಯಲುಗಳಲ್ಲಿ ಕುರಿ ಕಾಯುವವರಿಗೆ ತೋಳ ಅಪರಿಚಿತ ಪ್ರಾಣಿಯಲ್ಲ. ಆದರೆ ಸಮೀಕ್ಷೆಗೆ ಬಂದವರು ಮೂರು ಬಾರಿ ನಡೆದು, ಒಂದು ಹೆಜ್ಜೆಗುರುತನ್ನೂ ಕಾಣದೆ ಹಿಂದಿರುಗಿದರೆ ಏನೆಂದು ಬರೆಯಬೇಕು? ‘ಇಲ್ಲ’ ಎಂದು ಬರೆದರೆ ಆ ಬಯಲು ಬರಡು ನೆಲವೆನಿಸಿಕೊಳ್ಳುತ್ತದೆ. ಅದನ್ನು ಉಳಿಸುವ ಗೋಜಿಗೆ ಯಾರೂ ಹೋಗರು.

ಇರುವ ತೋಳ ಒಂದು ಭೇಟಿಯಲ್ಲಿ ಕಾಣುವ ಸಂಭವ ನೂರಕ್ಕೆ 20 ಎನ್ನೋಣ. ಮೂರು ಭೇಟಿಯಲ್ಲೂ ಅದು ಕಣ್ತಪ್ಪುವ ಸಂಭವ 0.8×0.8×0.8, ಅಂದರೆ ನೂರಕ್ಕೆ 51. ಹತ್ತು ಭೇಟಿಯಾದರೆ ಅದು 11ಕ್ಕೆ ಇಳಿಯುತ್ತದೆ. ಕಾಣುವ ಸಂಭವವೇ ನೂರಕ್ಕೆ 5 ಆದರೆ, ಹತ್ತು ಭೇಟಿಯ ಬಳಿಕವೂ 60! ಶಾಲೆಯ ಮಕ್ಕಳೂ ಮಾಡಬಲ್ಲ ಈ ಗುಣಾಕಾರದ ಮೇಲೆಯೇ 2002ರಲ್ಲಿ ಡಾರಿಲ್ ಮೆಕೆಂಜಿ ಮತ್ತು ಸಂಗಡಿಗರು ಹೊಸ ವಿಧಾನವೊಂದನ್ನು ಕಟ್ಟಿದರು. ಪ್ರಾಣಿ ಎಷ್ಟು ಸ್ಥಳಗಳಲ್ಲಿದೆ, ಇದ್ದಲ್ಲಿ ಕಾಣುವ ಸಂಭವವೆಷ್ಟು ಎಂಬ ಎರಡನ್ನೂ ಅದು ಒಟ್ಟಿಗೆ ಅಂದಾಜು ಮಾಡುತ್ತದೆ.

ಕರ್ನಾಟಕದಲ್ಲಿ ಉಲ್ಲಾಸ ಕಾರಂತ ಮತ್ತು ಸಂಗಡಿಗರು ಇದನ್ನು ಹುಲಿಗೆ ಅನ್ವಯಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ತಲಾ 188 ಚದರ ಕಿಲೋಮೀಟರಿನ 205 ಚೌಕಗಳಲ್ಲಿ ಅವರ ತಂಡ 4,174 ಕಿಲೋಮೀಟರು ನಡೆದಿತ್ತು. ಮರುಭೇಟಿಯ ಬದಲು ದಾರಿಯ ಒಂದೊಂದು ಕಿಲೋಮೀಟರನ್ನೂ ಒಂದೊಂದು ಪರೀಕ್ಷೆಯೆಂದು ಎಣಿಸಿದರು. ಹುಲಿ ದಾರಿ ಹಿಡಿದೇ ನಡೆಯುವುದರಿಂದ, ಗುರುತು ಸಿಕ್ಕ ಕಿಲೋಮೀಟರಿನ ಮುಂದಿನದರಲ್ಲೂ ಅದು ಸಿಗುವ ಸಂಭವ ಹೆಚ್ಚು; ಆ ನಂಟನ್ನೂ ಲೆಕ್ಕಕ್ಕೆ ಸೇರಿಸಿದರು. 21,167 ಚದರ ಕಿಲೋಮೀಟರು ಯೋಗ್ಯ ನೆಲೆಯಲ್ಲಿ ಸುಮಾರು 14,076ರಲ್ಲಿ ಹುಲಿಯಿದೆ ಎಂಬ ಅಂದಾಜು ಬಂತು. ಕಂಡದ್ದಷ್ಟನ್ನೇ ಎಣಿಸುವ ಹಳೆಯ ಪದ್ಧತಿ ಇದನ್ನು ನೂರಕ್ಕೆ 47ರಷ್ಟು ಕಡಿಮೆ ತೋರಿಸುತ್ತಿತ್ತು.

ಗುರುತುಗಳು ತೀರ ವಿರಳವಾದರೆ ಈ ಜಾಣ ಲೆಕ್ಕವೂ ತಡವರಿಸುತ್ತದೆ. ನಲವತ್ತು ಸ್ಥಳಗಳ ಪೈಕಿ ಎರಡರಲ್ಲಿ, ಅದೂ ಒಂದೊಂದೇ ಬಾರಿ ತೋಳ ಕಂಡಿತೆನ್ನಿ. ತೋಳ ಕೆಲವೇ ಕಡೆ ಇದೆಯೋ, ಹಲವು ಕಡೆ ಇದ್ದೂ ಅಡಗಿದೆಯೋ? ಎರಡು ಉತ್ತರಗಳೂ ಆ ಅಂಕಿಗಳಿಗೆ ಹೆಚ್ಚುಕಡಿಮೆ ಸಮನಾಗಿ ಹೊಂದುತ್ತವೆ. ಗಣಕಯಂತ್ರ ಒಂದು ಸಂಖ್ಯೆ ಕೊಡಬಹುದು, ನಂಬುವಂತಿಲ್ಲ. ಅದೇ ಸ್ಥಳಗಳಿಗೆ ಮತ್ತೆ ಮತ್ತೆ ಹೋಗುವುದು, ಕೆಸರು, ಧೂಳು ಇರುವ ಹಾದಿಗಳನ್ನು ಆರಿಸುವುದು, ಬೇರೆಡೆಯ ತೋಳಗಳಿಂದ ತಿಳಿದ ಕಾಣುವ ಸಂಭವವನ್ನು ಎರವಲು ಪಡೆಯುವುದು ಇದಕ್ಕಿರುವ ದಾರಿಗಳು.

ಇನ್ನೊಂದು ದಾರಿ ಕುರುಬರ ಹಟ್ಟಿಯ ಕಡೆಗಿದೆ. ಒಂದೇ ಬಯಲಿನ ಹಲವು ಕುರಿಗಾಹಿಗಳನ್ನು ಬೇರೆಬೇರೆಯಾಗಿ ಕೇಳಿದರೆ ಪ್ರತಿಯೊಬ್ಬರ ಉತ್ತರವೂ ಒಂದು ಭೇಟಿಗೆ ಸಮ. ಆದರೆ ನಾಯಿಯ ಹೆಜ್ಜೆ ತೋಳದ ಹೆಜ್ಜೆಯನ್ನೇ ಹೋಲುತ್ತದೆ. ಇಲ್ಲದ್ದನ್ನು ಕಂಡೆನೆನ್ನುವ ತಪ್ಪು, ಇದ್ದದ್ದನ್ನು ಕಾಣದ ತಪ್ಪಿಗಿಂತ ಈ ಲೆಕ್ಕವನ್ನು ಹೆಚ್ಚು ಕೆಡಿಸುತ್ತದೆ. ಆದ್ದರಿಂದ ‘ತೋಳ ಕಂಡಿರಾ?’ ಎಂದಷ್ಟೇ ಕೇಳಿದರೆ ಸಾಲದು. ಎಲ್ಲಿ, ಯಾವ ತಿಂಗಳು, ಎಷ್ಟಿದ್ದವು, ಕುರಿಯನ್ನು ಹೇಗೆ ಹಿಡಿದೊಯ್ದಿತು ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು.